ಮೊದಲ ವರ್ಷವೇ ನಷ್ಟ ಕಂಡ ಎನ್‌ಸಿಎಎ ಟೂರ್ನಿ, ಎನ್‌ಐಟಿಯನ್ನು ಹಿಂದೆ ಹಾಕಿದ್ದು ಯಾವಾಗ?

ಕಿತ್ತಳೆಚೆಂಡು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ನೋಡಲು ಶುರು ಮಾಡಿ ಮೂರು ವರ್ಷ ಆಯ್ತು. ಮಾರ್ಚ್ ಬಂದರೆ ಬೇರೆ ಯಾವ ಆಟವೂ ಬೇಡ ಅನ್ನುವಷ್ಟು ಹಚ್ಚಿಕೊಂಡಿದ್ದೇನೆ. ಆಟ ನೋಡಿದ್ದು ಸಾಲದು ಅಂತ ಈಗ ಎನ್‌ಸಿಎಎ (ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ) ಟೂರ್ನಿಯ ಹಳೆಯ ಕಥೆ ಓದುತ್ತಿದ್ದೇನೆ. ಅಲ್ಲಿ ಒಂದು ಗಂಟು ಬಿಚ್ಚಿಕೊಳ್ಳುತ್ತಿಲ್ಲ.

ನನಗೆ ಗೊತ್ತಾಗಿರುವುದು ಇಷ್ಟು. 1939 ರಲ್ಲಿ ಮೊದಲ ಟೂರ್ನಿ. ಬರೀ 8 ತಂಡ. ಫೈನಲ್ ನಡೆದದ್ದು ಇಲಿನಾಯ್ಸ್‌ನ ಎವನ್‌ಸ್ಟನ್‌ನಲ್ಲಿ, ಒಂದು ಯೂನಿವರ್ಸಿಟಿಯ ಜಿಮ್‌ನಲ್ಲಿ. ಆರೆಗಾನ್ ತಂಡ ಒಹಾಯೊ ಸ್ಟೇಟ್ ತಂಡವನ್ನು 46-33 ರಿಂದ ಸೋಲಿಸಿತು. ಇಂಥದ್ದೊಂದು ಟೂರ್ನಿ ಬೇಕು ಅಂತ ಎಲ್ಲರಿಗಿಂತ ಜಾಸ್ತಿ ಓಡಾಡಿದವರು ಹೆರಾಲ್ಡ್ ಓಲ್ಸನ್, ಅವರೇ ಒಹಾಯೊ ಸ್ಟೇಟ್ ಕೋಚ್. ತಾವೇ ಕಟ್ಟಿದ ಟೂರ್ನಿಯ ಮೊದಲ ಫೈನಲ್‌ನಲ್ಲಿ ಅವರ ತಂಡವೇ ಸೋತಿತು. ಆರೆಗಾನ್ ತಂಡದ ಹುಡುಗನೊಬ್ಬ ಚೆಂಡಿನ ಹಿಂದೆ ಹಾರಿ ಟೇಬಲ್‌ಗೆ ಬಡಿದು, ಟ್ರೋಫಿ ಮೇಲಿದ್ದ ಗೊಂಬೆಯೇ ಮುರಿದುಹೋಯಿತಂತೆ! ಕೊನೆಗೆ ಲೆಕ್ಕ ನೋಡಿದರೆ ನಡೆಸಿದ ಕೋಚ್‌ಗಳ ಸಂಘಕ್ಕೆ 2,531 ಡಾಲರ್ ನಷ್ಟ. ಮರುವರ್ಷದಿಂದ ಎನ್‌ಸಿಎಎ ತಾನೇ ನಡೆಸತೊಡಗಿತು.

ಇನ್ನೊಂದು ಕಡೆ ಎನ್‌ಐಟಿ, ಅಂದರೆ ಕಾಲೇಜು ತಂಡಗಳನ್ನು ಆಹ್ವಾನಿಸಿ ಆಡಿಸುವ ಇನ್ನೊಂದು ಟೂರ್ನಿ. ಅದು ಒಂದು ವರ್ಷ ಮೊದಲೇ, 1938 ರಲ್ಲೇ ಶುರುವಾಗಿತ್ತು. ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಪತ್ರಿಕೆಗಳ ಕಣ್ಣೆದುರಲ್ಲೇ. ಶುರು ಮಾಡಿದವರೇ ಅಲ್ಲಿನ ಕ್ರೀಡಾ ಪತ್ರಕರ್ತರು. 1939 ರಲ್ಲಿ ಒಂದೂ ಆಟ ಸೋಲದಿದ್ದ ಲಾಂಗ್ ಐಲೆಂಡ್ ಯೂನಿವರ್ಸಿಟಿ ಆಡಿ ಗೆದ್ದದ್ದು ಇದನ್ನೇ, ಎನ್‌ಸಿಎಎ ಟೂರ್ನಿಯನ್ನಲ್ಲ.

ಹಾಗಾದರೆ ಆಗ ನಿಜವಾದ ಚಾಂಪಿಯನ್ ಯಾರು? ಮತ್ತೆ ಈ ಲೆಕ್ಕ ತಲೆಕೆಳಗಾದದ್ದು ಯಾವಾಗ? ಕೆಲವರು 1951 ರ ಬೆಟ್ಟಿಂಗ್ ಹಗರಣ ಅಂತಾರೆ, ಕೆಲವರು ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ತಂಡದ ಸಾಲು ಗೆಲುವು ಅಂತಾರೆ, ಇನ್ನು ಕೆಲವರು ಟಿವಿ ಅಂತಾರೆ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.


ಹಳೇಸ್ಕೋರು ಉತ್ತರಿಸಿದ್ದು:

ಒಳ್ಳೆ ಪ್ರಶ್ನೆ. ನಾನು ಈ ಕಾಲದ ಸ್ಕೋರುಗಳನ್ನು ಇಷ್ಟಪಟ್ಟು ಓದುವವನು, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಮೊದಲು ಒಂದು ತಪ್ಪು ಕಲ್ಪನೆ ಬಿಡಬೇಕು. ಎನ್‌ಐಟಿಗೆ ಹೆಸರು ದೊಡ್ಡದಿತ್ತು, ಜನ ಜಾಸ್ತಿ ಬರುತ್ತಿದ್ದರು, ಸರಿ. ಆದರೆ ಅದರ ತಂಡಗಳೇ ಬಲವಾದವು ಅನ್ನೋದು ಹಾಗಲ್ಲ. ಇದನ್ನು ಊಹೆ ಮಾಡಬೇಕಾಗಿಲ್ಲ, ಆಗ ಇಬ್ಬರೂ ನೇರವಾಗಿ ಆಡಿಯೇ ನೋಡಿದ್ದಾರೆ. ಯುದ್ಧದ ಸಮಯದಲ್ಲಿ, 1943 ರಿಂದ 1945 ರವರೆಗೆ, ಎನ್‌ಸಿಎಎ ಗೆದ್ದವರಿಗೂ ಎನ್‌ಐಟಿ ಗೆದ್ದವರಿಗೂ ರೆಡ್‌ಕ್ರಾಸ್ ಸಹಾಯಕ್ಕಾಗಿ ಒಂದು ಪಂದ್ಯ ಇಡುತ್ತಿದ್ದರು. ಆಡಿದ್ದು ಗಾರ್ಡನ್‌ನಲ್ಲೇ, ಎನ್‌ಐಟಿಯ ಮನೆಯಲ್ಲೇ. ಮೂರಕ್ಕೆ ಮೂರೂ ಎನ್‌ಸಿಎಎ ಕಡೆಯವರೇ ಗೆದ್ದರು. ವಯೋಮಿಂಗ್ ತಂಡ ಸೇಂಟ್ ಜಾನ್ಸ್ ಮೇಲೆ 52-47, ಅದೂ ಹೆಚ್ಚುವರಿ ಸಮಯದಲ್ಲಿ. ಮರುವರ್ಷ ಯೂಟಾ ಅದೇ ಸೇಂಟ್ ಜಾನ್ಸ್ ಮೇಲೆ 43-36. ಆಮೇಲೆ ಒಕ್ಲಹೋಮ ಎ ಅಂಡ್ ಎಂ ತಂಡ ಆಗಿನ ದೊಡ್ಡ ಆಟಗಾರ ಜಾರ್ಜ್ ಮೈಕನ್ ಇದ್ದ ಡೀಪಾಲ್ ಮೇಲೆ 52-44.

ಆ ಯೂಟಾ ತಂಡದ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1944 ರಲ್ಲಿ ಅವರು ಎನ್‌ಐಟಿ ಆಡಲು ನ್ಯೂಯಾರ್ಕ್‌ಗೆ ಬಂದರು. ಮೊದಲ ಸುತ್ತಿನಲ್ಲೇ ಕೆಂಟಕಿ ಎದುರು ಸೋತರು. ಗಂಟುಮೂಟೆ ಕಟ್ಟುವ ಹೊತ್ತಿಗೆ ಸುದ್ದಿ ಬಂತು. ಅರ್ಕಾನ್ಸಾ ತಂಡದವರಿಗೆ ರಸ್ತೆ ಅಪಘಾತವಾಗಿ ಎನ್‌ಸಿಎಎ ಟೂರ್ನಿಯಿಂದ ಹಿಂದೆ ಸರಿದಿದ್ದಾರೆ, ಆ ಜಾಗ ಖಾಲಿ ಇದೆ, ನೀವು ಬರುತ್ತೀರಾ ಅಂತ. ಹುಡುಗರು ರೈಲು ಹತ್ತಿ ಕ್ಯಾನ್ಸಸ್ ಸಿಟಿಗೆ ಹೋದರು, ಅಲ್ಲಿ ಗೆದ್ದರು, ಮತ್ತೆ ಅದೇ ಗಾರ್ಡನ್‌ಗೆ ಫೈನಲ್ ಆಡಲು ಬಂದರು. ಡಾರ್ಟ್‌ಮತ್ ಎದುರು ಹೆಚ್ಚುವರಿ ಸಮಯದ ಕೊನೆಯ ಗಳಿಗೆಯಲ್ಲಿ 42-40 ರಿಂದ ಗೆದ್ದರು. ಆ ತಂಡದಲ್ಲಿ ವಾಟಾರು ಮಿಸಾಕಾ ಅಂತ ಒಬ್ಬ ಆಟಗಾರ ಇದ್ದ. ಜಪಾನಿ ತಂದೆತಾಯಿಯ ಮಗ, ಹುಟ್ಟಿದ್ದು ಯೂಟಾದಲ್ಲೇ. ಜಪಾನಿ ಮೂಲದ ಸಾವಿರಾರು ಅಮೆರಿಕನ್ನರನ್ನು ಅವರದೇ ಸರ್ಕಾರ ಶಿಬಿರಗಳಲ್ಲಿ ಕೂಡಿಹಾಕಿದ್ದ ವರ್ಷಗಳವು. ಆ ಹೊತ್ತಿನಲ್ಲಿ ಈ ಹುಡುಗ ನ್ಯೂಯಾರ್ಕ್‌ನ ಗಾರ್ಡನ್‌ನಲ್ಲಿ ಆಡುತ್ತಿದ್ದ. 1947 ರಲ್ಲಿ ಯೂಟಾ ಎನ್‌ಐಟಿಯನ್ನೂ ಗೆದ್ದಾಗ ಅವನು ಮತ್ತೆ ತಂಡದಲ್ಲಿದ್ದ. ಎರಡೂ ಟೂರ್ನಿ ಗೆದ್ದ ಮಿಸಾಕಾನ ಹೆಸರು ಇವತ್ತು ಎಷ್ಟು ಜನಕ್ಕೆ ಗೊತ್ತು ಅಂತ ಯೋಚಿಸಿದರೆ ಬೇಜಾರಾಗುತ್ತೆ.

ಈಗ 1950. ಸಿಟಿ ಕಾಲೇಜ್ ಆಫ್ ನ್ಯೂಯಾರ್ಕ್. ಫೀಸೇ ಇಲ್ಲದ ಕಾಲೇಜು. ಊರಿನ ದುಡಿಯುವ ಮನೆಗಳ ಮಕ್ಕಳು, ಹೆಚ್ಚಾಗಿ ಯಹೂದಿ ಮತ್ತು ಕಪ್ಪು ಹುಡುಗರು ಇದ್ದ ತಂಡ. ಒಂದೇ ತಿಂಗಳಲ್ಲಿ ಎರಡೂ ಟೂರ್ನಿ ಗೆದ್ದರು, ಎರಡೂ ಫೈನಲ್‌ನಲ್ಲಿ ಎದುರಾಳಿ ಒಂದೇ ತಂಡ, ಬ್ರ್ಯಾಡ್ಲಿ. ಹಾಗೆ ಮಾಡಿದ ಬೇರೆ ತಂಡ ಇಲ್ಲ, ಮುಂದೆ ಆಗುವುದೂ ಇಲ್ಲ. ಮರುವರ್ಷವೇ ಅದೇ ತಂಡದ ಹುಡುಗರನ್ನು ಪೊಲೀಸರು ಹಿಡಿದರು.

ಆ ಮೋಸ ಹೇಗೆ ನಡೆಯುತ್ತಿತ್ತು ಅನ್ನೋದು ಗೊತ್ತಿರಲಿ. ಆಟಗಾರ ಸೋಲಬೇಕಾಗಿರಲಿಲ್ಲ. ಬಾಜಿ ಇರುತ್ತಿದ್ದದ್ದು ಅಂತರದ ಮೇಲೆ. ಹತ್ತು ಪಾಯಿಂಟ್‌ಗಿಂತ ಜಾಸ್ತಿಗೆ ಗೆಲ್ಲುತ್ತಾರೆ ಅಂತ ಎಲ್ಲರೂ ದುಡ್ಡು ಕಟ್ಟಿದ್ದರೆ, ಇವರು ಆರು ಪಾಯಿಂಟ್‌ಗೆ ಗೆದ್ದರೆ ಸಾಕು, ಬುಕ್ಕಿಗೆ ಲಾಭ. ಗೆದ್ದ ಹಾಗೂ ಆಯ್ತು, ಕೈಗೆ ಕಾಸೂ ಬಂತು. ಯಾರಿಗೂ ಏನೂ ಆಗಿಲ್ಲ ಅಂತ ಹುಡುಗರು ಮನಸ್ಸಿಗೆ ಸಮಾಧಾನ ಹೇಳಿಕೊಂಡಿರಬೇಕು. ಏಳು ಕಾಲೇಜು, ಮೂವತ್ತಕ್ಕೂ ಜಾಸ್ತಿ ಆಟಗಾರರು ಸಿಕ್ಕಿಬಿದ್ದರು.

ಗಾರ್ಡನ್ ಅಂದರೆ ಬುಕ್ಕಿಗಳ ಜಾಗ ಅನ್ನೋ ಕೆಟ್ಟ ಹೆಸರು ಅಂಟಿತು. 1951 ರ ಎನ್‌ಸಿಎಎ ಫೈನಲ್ ಮಿನಿಯಾಪೊಲಿಸ್‌ಗೆ ಹೋಯಿತು, ಅದೇ ವರ್ಷ ತಂಡಗಳ ಸಂಖ್ಯೆ 16 ಆಯ್ತು. ನನ್ನ ಲೆಕ್ಕದಲ್ಲಿ ತಿರುವು ಅಲ್ಲೇ.


ಜಂಪ್‌ಶಾಟ್ ಉತ್ತರಿಸಿದ್ದು:

ಹಳೇಸ್ಕೋರು ಸರ್, ಯೂಟಾ ಕಥೆ ಚೆನ್ನಾಗಿದೆ. ಆದರೆ ಹಗರಣದಿಂದ ಎನ್‌ಐಟಿ ಬಿತ್ತು ಅನ್ನೋದನ್ನು ನಾನು ಒಪ್ಪಲ್ಲ.

ಹಗರಣ ನ್ಯೂಯಾರ್ಕ್‌ಗೆ ಮಾತ್ರ ಅಂಟಿದ್ದಲ್ಲ. ಕೆಂಟಕಿ ಹುಡುಗರೂ ಅದರಲ್ಲಿದ್ದರು, 1948 ಮತ್ತು 1949 ರಲ್ಲಿ ಎನ್‌ಸಿಎಎ ಗೆದ್ದ ಕೆಂಟಕಿ! ಅವರು 1952-53 ರ ಇಡೀ ಸೀಸನ್ ಆಡಲಿಲ್ಲ. ಕೆಟ್ಟ ಹೆಸರೇ ಕಾರಣ ಅಂದರೆ ಎರಡೂ ಟೂರ್ನಿ ಬೀಳಬೇಕಿತ್ತು ಅಲ್ವಾ? ಮತ್ತೆ ಹಗರಣ ಆಗಿ ಸುಮಾರು ಇಪ್ಪತ್ತು ವರ್ಷದ ಮೇಲೂ ಒಬ್ಬ ದೊಡ್ಡ ಕೋಚ್ ಎನ್‌ಸಿಎಎ ಬೇಡ, ಎನ್‌ಐಟಿ ಸಾಕು ಅಂದಿದ್ದಾರೆ. 1970, ಮಾರ್ಕೆಟ್ ಯೂನಿವರ್ಸಿಟಿಯ ಆಲ್ ಮೆಗ್ವಾಯರ್. ಎನ್‌ಸಿಎಎ ಅವರ ತಂಡವನ್ನು ಹತ್ತಿರದ ವಿಭಾಗ ಬಿಟ್ಟು ದೂರದ ಟೆಕ್ಸಸ್ ಕಡೆಗೆ ಹಾಕಿತು. ಅವರಿಗೆ ಸಿಟ್ಟು ಬಂತು. ಆಹ್ವಾನ ತಿರಸ್ಕರಿಸಿ ಎನ್‌ಐಟಿಗೆ ಹೋದರು, ಗೆದ್ದೂ ಬಂದರು. ಎನ್‌ಐಟಿ ಸತ್ತುಹೋಗಿದ್ದರೆ ಯಾರಾದರೂ ಹಾಗೆ ಮಾಡುತ್ತಿದ್ದರಾ?

ಇದಾದ ಮೇಲೆ ಎನ್‌ಸಿಎಎ ಒಂದು ನಿಯಮ ತಂದಿತು. ನಾವು ಕರೆದರೆ ಬರಲೇಬೇಕು, ಬೇರೆ ಟೂರ್ನಿಗೆ ಹೋಗುವ ಹಾಗಿಲ್ಲ. ಅಲ್ಲಿಗೆ ಎನ್‌ಐಟಿಯ ಒಂದು ಕಾಲು ಮುರಿಯಿತು.

ಇನ್ನೊಂದು ಕಾಲು ಮುರಿದದ್ದು 1975 ರಲ್ಲಿ. ಅದು ಅರ್ಥ ಆಗಬೇಕಾದರೆ ಹಳೆಯ ನಿಯಮ ಗೊತ್ತಿರಬೇಕು. ಅಲ್ಲಿಯವರೆಗೂ ಒಂದು ಕಾನ್ಫರೆನ್ಸ್‌ನಿಂದ (ತಮ್ಮತಮ್ಮಲ್ಲೇ ಲೀಗ್ ಆಡುವ ಕಾಲೇಜುಗಳ ಗುಂಪು) ಒಂದೇ ತಂಡ. ನೀವು ದೇಶದಲ್ಲೇ ಎರಡನೆಯವರಾಗಿದ್ದರೂ ನಿಮ್ಮ ಕಾನ್ಫರೆನ್ಸ್‌ನಲ್ಲೂ ಎರಡನೆಯವರಾದರೆ ಮುಗೀತು, ಮನೆಗೆ ಹೋಗಿ. 1971 ರಲ್ಲಿ ಯುಎಸ್‌ಸಿ ತಂಡ 24 ಗೆದ್ದು 2 ಸೋತಿತ್ತು. ಆ ಎರಡೂ ಸೋಲು ಯುಸಿಎಲ್‌ಎ ಎದುರು. ಅವರಿಗೆ ಎನ್‌ಸಿಎಎಯಲ್ಲಿ ಜಾಗ ಸಿಗಲಿಲ್ಲ.

ಎಲ್ಲರ ಕಣ್ಣು ತೆರೆಸಿದ್ದು 1974 ರಲ್ಲಿ ಎಸಿಸಿ ಅನ್ನೋ ಕಾನ್ಫರೆನ್ಸ್‌ನ ಫೈನಲ್. ಗ್ರೀನ್ಸ್‌ಬರೋದಲ್ಲಿ ಮೇರಿಲ್ಯಾಂಡ್ ಎದುರು ನಾರ್ತ್ ಕ್ಯಾರೊಲಿನಾ ಸ್ಟೇಟ್. ಹೆಚ್ಚುವರಿ ಸಮಯಕ್ಕೆ ಹೋಗಿ 103-100. ನೆನಪಿರಲಿ, ಆಗ ಶಾಟ್ ಕ್ಲಾಕ್ (ಇಷ್ಟು ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕು ಅನ್ನೋ ಗಡುವು) ಇಲ್ಲ, ಮೂರು ಪಾಯಿಂಟ್ ಗೆರೆಯೂ ಇಲ್ಲ. ಅಂಥ ಕಾಲದಲ್ಲಿ ಎರಡೂ ತಂಡ ನೂರು ದಾಟಿದ್ದವು. ಗೆದ್ದ ಸ್ಟೇಟ್ ಮುಂದೆ ಹೋಗಿ ಸೆಮಿಫೈನಲ್‌ನಲ್ಲಿ ಯುಸಿಎಲ್‌ಎಯನ್ನು ಎರಡು ಹೆಚ್ಚುವರಿ ಅವಧಿ ಆಡಿ 80-77 ರಿಂದ ಕೆಡವಿ, ಅವರ ಸತತ ಏಳು ವರ್ಷದ ಪಟ್ಟ ಮುರಿದು ಚಾಂಪಿಯನ್ ಆಯಿತು. ಆ ಚಾಂಪಿಯನ್ನರಿಗೆ ಬರೀ ಮೂರು ಪಾಯಿಂಟ್‌ಗೆ ಸೋತ ಮೇರಿಲ್ಯಾಂಡ್‌ಗೆ ಟೂರ್ನಿಯಲ್ಲಿ ಆಡುವ ಭಾಗ್ಯವೇ ಇಲ್ಲ. ಎನ್‌ಐಟಿ ಕರೆದರೂ ಅವರು ಹೋಗಲಿಲ್ಲ. ಆ ನೋವು ನನಗೆ ಇವತ್ತು ಓದಿದರೂ ತಟ್ಟುತ್ತದೆ.

ಮರುವರ್ಷ ತಂಡಗಳು 32 ಆದವು. ಒಂದು ಕಾನ್ಫರೆನ್ಸ್‌ನಿಂದ ಎರಡು ತಂಡ ಬರಬಹುದು ಅಂತಾಯಿತು. ಫಲ ಕೂಡಲೇ ಕಂಡಿತು. 1976 ರ ಫೈನಲ್ ಇಂಡಿಯಾನಾ ಮತ್ತು ಮಿಷಿಗನ್ ನಡುವೆ. ಎರಡೂ ಬಿಗ್ ಟೆನ್ ಅನ್ನೋ ಒಂದೇ ಕಾನ್ಫರೆನ್ಸ್‌ನ ತಂಡಗಳೇ, ಹಳೆಯ ನಿಯಮ ಇದ್ದಿದ್ದರೆ ಈ ಫೈನಲ್ ನಡೆಯಲು ಸಾಧ್ಯವೇ ಇರಲಿಲ್ಲ. ಇಂಡಿಯಾನಾ 86-68 ರಿಂದ ಗೆದ್ದು ಆ ವರ್ಷ 32 ಆಟಗಳಲ್ಲಿ ಒಂದನ್ನೂ ಸೋಲದೆ ಮುಗಿಸಿತು. 1980 ರಿಂದ ಎಷ್ಟು ತಂಡ ಬೇಕಾದರೂ ಬರಬಹುದು ಅಂತ ಮಾಡಿದರು. 1985 ಕ್ಕೆ 64 ತಂಡ, ಆ ವರ್ಷ ಕೊನೆಯ ನಾಲ್ಕರಲ್ಲಿ ಮೂರು ಬಿಗ್ ಈಸ್ಟ್ ಕಾನ್ಫರೆನ್ಸ್‌ನವು.

ಹಾಗಾಗಿ ನನ್ನ ಉತ್ತರ ಸರಳ. ಎನ್‌ಐಟಿಯ ಊಟವೇ ಈ ಬಾಗಿಲಾಚೆ ಉಳಿದ ಒಳ್ಳೆಯ ತಂಡಗಳು. ಎನ್‌ಸಿಎಎ ಬಾಗಿಲು ಅಗಲ ಮಾಡಿತು, ಎನ್‌ಐಟಿ ತಟ್ಟೆ ಖಾಲಿ ಆಯಿತು.

ಯುಸಿಎಲ್‌ಎ ಬಗ್ಗೆ ಒಂದು ಮಾತು. ಜಾನ್ ವುಡನ್ 1964 ರಿಂದ 1975 ರವರೆಗೆ 12 ವರ್ಷದಲ್ಲಿ 10 ಸಲ ಗೆದ್ದರು. ಅದರಲ್ಲಿ ಒಂಬತ್ತು ಸಲ ಬರೀ ನಾಲ್ಕು ಆಟ ಗೆದ್ದರೆ ಪಟ್ಟ. ಈಗ ಆರು ಗೆಲ್ಲಬೇಕು. ಇದನ್ನು ಹೇಳಿದರೆ ಅವರ ಸಾಧನೆ ಕಡಿಮೆ ಮಾಡಿದ ಹಾಗಲ್ಲ. 1973 ರ ಫೈನಲ್‌ನಲ್ಲಿ ಬಿಲ್ ವಾಲ್ಟನ್ 22 ಹೊಡೆತಗಳಲ್ಲಿ 21 ಹಾಕಿದ್ದರು, 44 ಪಾಯಿಂಟ್. ಅಂಥವರಿದ್ದರೆ ಆರು ಆಟ ಇದ್ದರೂ ಗೆಲ್ಲುತ್ತಿದ್ದರೋ ಏನೋ.


ಹಳೇಸ್ಕೋರು ಉತ್ತರಿಸಿದ್ದು:

ಕೆಂಟಕಿ ಮಾತು ಸರಿ, ಅದನ್ನು ನಾನು ಬಿಟ್ಟಿದ್ದು ತಪ್ಪು. 1975 ರ ಬಗ್ಗೆಯೂ ಒಪ್ಪುತ್ತೇನೆ. ಆದರೆ ಹಗರಣ ಆಗದೇ ಇದ್ದಿದ್ದರೆ ಎನ್‌ಸಿಎಎಗೆ ಇಂಥ ನಿಯಮ ಹಾಕುವ ಧೈರ್ಯ ಬರುತ್ತಿತ್ತಾ ಅಂತ ಒಮ್ಮೆ ಯೋಚಿಸಿ.

ಟಿವಿ ವಿಷಯ ಕಿತ್ತಳೆಚೆಂಡು ಕೇಳಿದ್ದರು. 1979 ರ ಫೈನಲ್, ಸಾಲ್ಟ್ ಲೇಕ್ ಸಿಟಿ. ಮ್ಯಾಜಿಕ್ ಜಾನ್ಸನ್‌ರ ಮಿಷಿಗನ್ ಸ್ಟೇಟ್ 75, ಲ್ಯಾರಿ ಬರ್ಡ್‌ರ ಇಂಡಿಯಾನಾ ಸ್ಟೇಟ್ 64. ಟಿವಿ ಇದ್ದ ಮನೆಗಳಲ್ಲಿ 24.1 ಶೇಕಡಾ ಮನೆಗಳು ನೋಡಿದವು, ಆ ಪ್ರಮಾಣವನ್ನು ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಇನ್ನೂ ಯಾರೂ ಮುರಿದಿಲ್ಲ. ಅದೇ ವರ್ಷ ಇಎಸ್‌ಪಿಎನ್ ಶುರುವಾಯಿತು, ಮರುವರ್ಷದಿಂದ ಮೊದಲ ಸುತ್ತಿನ ಆಟಗಳನ್ನೂ ತೋರಿಸತೊಡಗಿತು. 1982 ರಲ್ಲಿ ಪ್ರಸಾರಕ್ಕೆ ಸಿಬಿಎಸ್ ಟಿವಿ ಬಂತು, ಮೊದಲ ಫೈನಲ್‌ನಲ್ಲೇ ಮೈಕಲ್ ಜೋರ್ಡನ್ ಅನ್ನೋ ಮೊದಲ ವರ್ಷದ ಹುಡುಗ ಗೆಲುವಿನ ಶಾಟ್ ಹಾಕಿದ, 63-62. ಇಷ್ಟಾದ ಮೇಲೆ ಪೈಪೋಟಿ ಎಲ್ಲಿ ಉಳಿಯಿತು?


ಡ್ರಿಬಲ್ ಉತ್ತರಿಸಿದ್ದು:

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ. ಆದರೆ ಬಾಗಿಲು ಅಂತ ಮಾತು ಬಂದಿದ್ದರಿಂದ ಹೇಳುತ್ತೇನೆ, ಎಷ್ಟು ತಂಡ ಒಳಗೆ ಬಂದವು ಅನ್ನೋದರ ಜೊತೆ ಯಾರನ್ನು ಹೊರಗೆ ನಿಲ್ಲಿಸಿದ್ದರು ಅನ್ನೋದನ್ನೂ ಕೇಳಬೇಕು.

ಎನ್‌ಐಟಿಗಿಂತಲೂ ಹಳೆಯ ಟೂರ್ನಿ ಒಂದಿದೆ, ಇಲ್ಲಿ ಯಾರೂ ಅದರ ಹೆಸರೇ ಎತ್ತಲಿಲ್ಲ. ಸಣ್ಣ ಕಾಲೇಜುಗಳಿಗಾಗಿ 1937 ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಶುರುವಾದದ್ದು, ಈಗ ಅದನ್ನು ಎನ್‌ಎಐಎ ಅಂತಾರೆ. ಅದರ ಹಿಂದೆ ಇದ್ದವರಲ್ಲಿ ಜೇಮ್ಸ್ ನೇಸ್ಮಿತ್ ಒಬ್ಬರು. 1891 ರಲ್ಲಿ ಹಣ್ಣಿನ ಬುಟ್ಟಿ ಕಟ್ಟಿಸಿ ಈ ಆಟವನ್ನು ಹುಟ್ಟಿಸಿದ ಅದೇ ನೇಸ್ಮಿತ್. ಆದರೆ ಆ ಟೂರ್ನಿಗೆ ಕಪ್ಪು ಆಟಗಾರರು ಬರುವ ಹಾಗಿರಲಿಲ್ಲ. 1947 ರಲ್ಲಿ ಇಂಡಿಯಾನಾದ ಒಂದು ಶಿಕ್ಷಕರ ಕಾಲೇಜಿಗೆ ಆಹ್ವಾನ ಬಂತು. ತಂಡದಲ್ಲಿ ಕ್ಲಾರೆನ್ಸ್ ವಾಕರ್ ಅನ್ನೋ ಕಪ್ಪು ಹುಡುಗ ಇದ್ದ. ಹೆಚ್ಚಾಗಿ ಬೆಂಚಿನ ಮೇಲಿರುತ್ತಿದ್ದವನು. ಅವನನ್ನು ಬಿಟ್ಟು ಬನ್ನಿ ಅಂದರೆ ನಾವು ಬರುವುದೇ ಇಲ್ಲ ಅಂದರು ಕೋಚ್. ಆ ಕೋಚ್ ಹೆಸರು ಜಾನ್ ವುಡನ್. ಯುಸಿಎಲ್‌ಎಗೆ ಹೋಗುವ ಮುಂಚಿನ ಮಾತು. ಮರುವರ್ಷ ನಿಯಮ ಬದಲಾಯಿತು, ವಾಕರ್ ಆಡಿದ, ತಂಡ ಫೈನಲ್‌ವರೆಗೂ ಹೋಯಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಟೂರ್ನಿಯನ್ನು ಕಪ್ಪು ವಿದ್ಯಾರ್ಥಿಗಳ ಕಾಲೇಜಾದ ಟೆನೆಸ್ಸಿ ಎ ಅಂಡ್ ಐ ಸತತ ಮೂರು ಸಲ, 1957 ರಿಂದ 1959 ರವರೆಗೆ ಗೆದ್ದಿತು. ಅವರ ಕೋಚ್ ಜಾನ್ ಮೆಕ್ಲೆಂಡನ್, ಕ್ಯಾನ್ಸಸ್ ಯೂನಿವರ್ಸಿಟಿಯಲ್ಲಿ ನೇಸ್ಮಿತ್ ಹತ್ತಿರವೇ ಆಟ ಕಲಿತವರು. ಕಪ್ಪು ಬಣ್ಣದವರು ಅನ್ನೋ ಕಾರಣಕ್ಕೆ ಆ ಯೂನಿವರ್ಸಿಟಿ ತಂಡದಲ್ಲಿ ಅವರಿಗೆ ಆಡಲು ಬಿಟ್ಟಿರಲಿಲ್ಲ.

ಎನ್‌ಸಿಎಎ ಕಡೆ ಬಂದರೆ ಎಲ್ಲರೂ 1966 ಹೇಳುತ್ತಾರೆ. ಟೆಕ್ಸಸ್ ವೆಸ್ಟರ್ನ್ ಕೋಚ್ ಡಾನ್ ಹ್ಯಾಸ್ಕಿನ್ಸ್ ಐದೂ ಜನ ಕಪ್ಪು ಆಟಗಾರರನ್ನು ಇಳಿಸಿ, ಎಲ್ಲರೂ ಬಿಳಿಯರಿದ್ದ ಕೆಂಟಕಿಯನ್ನು 72-65 ರಿಂದ ಸೋಲಿಸಿದ್ದು. ದೊಡ್ಡ ದಿನವೇ, ಸಂದೇಹ ಇಲ್ಲ. ಆದರೆ ನನ್ನ ಮನಸ್ಸು ಹೋಗುವುದು ಅದಕ್ಕೂ ಮೂರು ವರ್ಷ ಹಿಂದಿನ ಒಂದು ಆಟಕ್ಕೆ. ಅದು ಫೈನಲ್ ಕೂಡ ಅಲ್ಲ.

ಮಿಸಿಸಿಪಿ ಸ್ಟೇಟ್ ತಂಡ ಆಗ ಬಹಳ ಚೆನ್ನಾಗಿತ್ತು. 1959, 1961, 1962 ರಲ್ಲಿ ತಮ್ಮ ಕಾನ್ಫರೆನ್ಸ್‌ನಲ್ಲಿ ಮೊದಲ ಸ್ಥಾನ ಬಂದರೂ ಎನ್‌ಸಿಎಎಗೆ ಹೋಗಲಿಲ್ಲ. ಕಪ್ಪು ಆಟಗಾರರು ಇರುವ ತಂಡದ ಜೊತೆ ನಮ್ಮ ಬಿಳಿ ಕಾಲೇಜುಗಳು ಆಡಬಾರದು ಅನ್ನೋದು ಆ ರಾಜ್ಯದಲ್ಲಿ ಬರೆಯದೇ ಇದ್ದ ಕಟ್ಟಳೆ. 1963 ರಲ್ಲಿ ಯೂನಿವರ್ಸಿಟಿ ಅಧ್ಯಕ್ಷ ಡೀನ್ ಕೋಲ್ವರ್ಡ್ ಈ ಸಲ ಹೋಗೋದೇ ಅಂದರು. ತಡೆಯಲು ಕೋರ್ಟ್ ಆದೇಶ ತಂದರು. ಆದೇಶ ಕೈಗೆ ಕೊಡುವ ಮುಂಚೆಯೇ ಕೋಚ್ ಬೇಬ್ ಮೆಕಾರ್ತಿ ರಾಜ್ಯದ ಗಡಿ ದಾಟಿಬಿಟ್ಟಿದ್ದರು. ವಿಮಾನ ನಿಲ್ದಾಣಕ್ಕೆ ಮೊದಲು ಮೀಸಲು ಆಟಗಾರರನ್ನು ಕಳಿಸಿ, ತೊಂದರೆ ಇಲ್ಲ ಅಂತ ಗೊತ್ತಾದ ಮೇಲೆ ಮುಖ್ಯ ಆಟಗಾರರನ್ನು ಹತ್ತಿಸಿದರು. ಒಂದು ಆಟ ಆಡುವುದಕ್ಕೆ ಕಾಲೇಜು ಹುಡುಗರು ತಮ್ಮದೇ ರಾಜ್ಯದಿಂದ ಕದ್ದು ಹೋಗಬೇಕಾಯಿತು!

ಮಿಷಿಗನ್‌ನ ಈಸ್ಟ್ ಲ್ಯಾನ್ಸಿಂಗ್‌ನಲ್ಲಿ ಎದುರಾಳಿ ಲೊಯೋಲಾ ಷಿಕಾಗೊ. ಆ ತಂಡದ ಐವರಲ್ಲಿ ನಾಲ್ಕು ಜನ ಕಪ್ಪು ಆಟಗಾರರು. ಆಟಕ್ಕೆ ಮುಂಚೆ ಇಬ್ಬರು ನಾಯಕರು, ಜೆರಿ ಹಾರ್ಕ್‌ನೆಸ್ ಮತ್ತು ಜೋ ಡ್ಯಾನ್ ಗೋಲ್ಡ್, ಕೈ ಕುಲುಕಿದರು. ಕ್ಯಾಮೆರಾ ಫ್ಲ್ಯಾಶ್‌ಗಳು ಒಟ್ಟಿಗೆ ಮಿಂಚಿದವು. ಆ ಫೋಟೋ ಒಮ್ಮೆ ಹುಡುಕಿ ನೋಡಿ. ಲೊಯೋಲಾ 61-51 ರಿಂದ ಗೆದ್ದಿತು, ಮುಂದೆ ಹೋಗಿ ಸಿನ್ಸಿನಾಟಿಯನ್ನು ಹೆಚ್ಚುವರಿ ಸಮಯದಲ್ಲಿ 60-58 ರಿಂದ ಸೋಲಿಸಿ ಚಾಂಪಿಯನ್ ಆಯಿತು. ಮಿಸಿಸಿಪಿ ಹುಡುಗರು ಸೋತು ಊರಿಗೆ ಮರಳಿದರು. ಮೂರು ಸಲ ಗೆದ್ದೂ ಮನೆಯಲ್ಲಿ ಕೂತಿದ್ದ ಆ ತಂಡ ನಾಲ್ಕನೇ ಸಲ ಹೋಗಿ ಸೋತಿತು, ಆ ಸೋಲನ್ನೇ ಜನ ಇವತ್ತಿಗೂ ನೆನೆಯುತ್ತಾರೆ.

ಕಿತ್ತಳೆಚೆಂಡು ಅವರೇ, ನಿಜವಾದ ಚಾಂಪಿಯನ್ ಯಾರು ಅಂತ ಕೇಳಿದಿರಿ. ಒಂದು ಕಡೆಯವರನ್ನು ಒಳಗೇ ಬಿಡದ ಟೂರ್ನಿಯಲ್ಲಿ ಗೆದ್ದವರನ್ನು ಇಡೀ ದೇಶದ ಚಾಂಪಿಯನ್ ಅನ್ನಲು ನನಗೆ ಬಾಯಿ ಬರಲ್ಲ.


ರೀಬೌಂಡ್‌ರಾಣಿ ಉತ್ತರಿಸಿದ್ದು:

ಇಷ್ಟು ಉದ್ದದ ಚರ್ಚೆಯಲ್ಲಿ ಮಹಿಳೆಯರ ಟೂರ್ನಿ ಒಂದು ಸಲವೂ ಬರಲಿಲ್ಲ. ಎನ್‌ಐಟಿಗೆ ಏನಾಯಿತೋ ಅದೇ ಕಥೆ ಅಲ್ಲಿ ಇನ್ನೂ ಬೇಗ ನಡೆದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಎನ್‌ಸಿಎಎ ಮಹಿಳೆಯರ ಆಟವನ್ನು ಬಹಳ ವರ್ಷ ತಿರುಗಿಯೂ ನೋಡಲಿಲ್ಲ. ಹಾಗಾಗಿ ಮಹಿಳೆಯರೇ ಎಐಎಡಬ್ಲ್ಯು ಅನ್ನೋ ಸಂಸ್ಥೆ ಕಟ್ಟಿಕೊಂಡು 1972 ರಿಂದ ತಮ್ಮದೇ ಚಾಂಪಿಯನ್‌ಷಿಪ್ ನಡೆಸಿದರು. ಮೊದಲ ಮೂರು ವರ್ಷ ಗೆದ್ದದ್ದು ಪೆನ್ಸಿಲ್ವೇನಿಯಾದ ಇಮ್ಯಾಕ್ಯುಲೇಟಾ, ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಪುಟ್ಟ ಕಾಲೇಜು. ಆ ಸನ್ಯಾಸಿನಿಯರು ಸ್ಟ್ಯಾಂಡಿನಲ್ಲಿ ಕೂತು ಲೋಹದ ಬಕೆಟ್ ಬಡಿದು ತಮ್ಮ ಹುಡುಗಿಯರನ್ನು ಹುರಿದುಂಬಿಸುತ್ತಿದ್ದರು.

ಅದೇ 1972 ರಲ್ಲಿ ಟೈಟಲ್ ನೈನ್ ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಕಾಲೇಜು ಗಂಡು ಹೆಣ್ಣು ಅಂತ ಭೇದ ಮಾಡಬಾರದು ಅನ್ನೋ ಕಾನೂನು. ಅದನ್ನು ಕ್ರೀಡೆಗೆ ಅನ್ವಯಿಸಬಾರದು ಅಂತ ಎನ್‌ಸಿಎಎ ಕೋರ್ಟಿಗೂ ಹೋಯಿತು, ಗೆಲ್ಲಲಿಲ್ಲ. ಆಮೇಲೆ ದಾರಿ ಬದಲಾಯಿಸಿ 1982 ರಲ್ಲಿ ತಾನೇ ಮಹಿಳಾ ಟೂರ್ನಿ ಶುರು ಮಾಡಿತು. ಆ ಒಂದು ವರ್ಷ ಎರಡೂ ನಡೆದವು. ಎಐಎಡಬ್ಲ್ಯು ಗೆದ್ದದ್ದು ರಟ್ಗರ್ಸ್, ಎನ್‌ಸಿಎಎ ಗೆದ್ದದ್ದು ಲೂಸಿಯಾನಾ ಟೆಕ್. ಫೈನಲ್‌ನಲ್ಲಿ ಅವರು ಸೋಲಿಸಿದ್ದು ಷೇಯ್ನಿ ಸ್ಟೇಟ್ ಅನ್ನೋ ಸಣ್ಣ ಕಪ್ಪು ಕಾಲೇಜನ್ನು, 76-62, ವಿವಿಯನ್ ಸ್ಟ್ರಿಂಜರ್ ಕೋಚ್ ಆಗಿದ್ದ ತಂಡ. ಎನ್‌ಸಿಎಎ ತಂಡಗಳ ಪ್ರಯಾಣದ ಖರ್ಚು ಕೊಡುತ್ತಿತ್ತು, ಟಿವಿ ಇತ್ತು. ಎಐಎಡಬ್ಲ್ಯು ಹತ್ತಿರ ಅಂಥ ದುಡ್ಡು ಎಲ್ಲಿತ್ತು? ಹತ್ತು ವರ್ಷ ಕಷ್ಟಪಟ್ಟು ಕಟ್ಟಿದ ಸಂಸ್ಥೆ ಬಾಗಿಲು ಹಾಕಿತು. ಕೋರ್ಟಿಗೆ ಹೋದರೂ ಸೋತರು. ಆ ಹತ್ತು ವರ್ಷದ ಚಾಂಪಿಯನ್ನರ ಹೆಸರು ಎನ್‌ಸಿಎಎ ಪಟ್ಟಿಯಲ್ಲಿ ಇಲ್ಲ. ಅದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಒಳಗೆ ಸೇರಿಸಿಕೊಂಡ ಮೇಲಾದರೂ ಸರಿಯಾಗಿ ನೋಡಿಕೊಂಡರಾ? 2021 ರಲ್ಲಿ ಕೋವಿಡ್ ಕಾರಣ ಪುರುಷರ ಟೂರ್ನಿ ಪೂರ್ತಿ ಇಂಡಿಯಾನಾದಲ್ಲಿ, ಮಹಿಳೆಯರದು ಟೆಕ್ಸಸ್‌ನಲ್ಲಿ. ಆರೆಗಾನ್ ತಂಡದ ಆಟಗಾರ್ತಿಯೊಬ್ಬಳು ಒಂದು ವಿಡಿಯೋ ಹಾಕಿದಳು. ಗಂಡಸರಿಗೆ ದೊಡ್ಡ ಹಾಲ್ ತುಂಬ ವ್ಯಾಯಾಮದ ಸಲಕರಣೆ, ಹೆಂಗಸರಿಗೆ ಒಂದು ಸ್ಟ್ಯಾಂಡ್ ಡಂಬೆಲ್. ‘ಮಾರ್ಚ್ ಮ್ಯಾಡ್‌ನೆಸ್’ ಅನ್ನೋ ಹೆಸರನ್ನು ಕೂಡ ಅಲ್ಲಿಯವರೆಗೆ ಪುರುಷರ ಟೂರ್ನಿಗೆ ಮಾತ್ರ ಬಳಸುತ್ತಿದ್ದರು. ಗಲಾಟೆ ಆದ ಮೇಲೆ, 2022 ರಿಂದ, ಹೆಸರೂ ಕೊಟ್ಟರು, ತಂಡಗಳನ್ನು 64 ರಿಂದ 68 ಕ್ಕೂ ಏರಿಸಿದರು. ಅದಾಗಿ ಎರಡೇ ವರ್ಷ. 2024 ರಲ್ಲಿ ಸೌತ್ ಕ್ಯಾರೊಲಿನಾ 87-75 ರಿಂದ ಐಯೊವಾವನ್ನು ಸೋಲಿಸಿದ ಫೈನಲ್ ನೋಡಿದವರು 1.89 ಕೋಟಿ ಜನ. ಪುರುಷರ ಫೈನಲ್ ನೋಡಿದವರು 1.48 ಕೋಟಿ.

ಇನ್ನೊಂದು. 16 ನೇ ಸೀಡ್ (ಸೀಡ್ ಅಂದರೆ ಟೂರ್ನಿಗೆ ಮುಂಚೆ ಬಲ ನೋಡಿ ಕೊಡುವ ಸ್ಥಾನ) ತಂಡ 1 ನೇ ಸೀಡ್ ತಂಡವನ್ನು ಸೋಲಿಸಿದ್ದು 2018 ರಲ್ಲಿ ಮೊದಲ ಸಲ ಅಂತ ಎಲ್ಲ ಕಡೆ ಬರೆಯುತ್ತಾರೆ. ಅಲ್ಲ. 1998 ರಲ್ಲೇ ಹಾರ್ವರ್ಡ್ ಮಹಿಳೆಯರು ಸ್ಟ್ಯಾನ್‌ಫರ್ಡ್ ತಂಡವನ್ನು ಅವರದೇ ಅಂಗಳದಲ್ಲಿ 71-67 ರಿಂದ ಸೋಲಿಸಿದ್ದಾರೆ.


ಕಿತ್ತಳೆಚೆಂಡು ಉತ್ತರಿಸಿದ್ದು:

ಎಲ್ಲರಿಗೂ ತುಂಬಾ ಧನ್ಯವಾದ. ಒಂದು ಗಂಟು ಬಿಚ್ಚಲು ಕೇಳಿದೆ, ನೀವು ಇಡೀ ಹಗ್ಗವನ್ನೇ ಕೈಗೆ ಕೊಟ್ಟಿರಿ. ಈಸ್ಟ್ ಲ್ಯಾನ್ಸಿಂಗ್‌ನ ಫೋಟೋ ಹುಡುಕಿ ನೋಡಿದೆ. ಇಬ್ಬರ ಮುಖವೂ ಎಷ್ಟು ಗಂಭೀರ. ಹಾರ್ವರ್ಡ್ ವಿಷಯ ನನಗೂ ಗೊತ್ತಿರಲಿಲ್ಲ, ನಾನೂ 2018 ಅಂತಲೇ ಹೇಳುತ್ತಿದ್ದೆ, ಇನ್ನು ಹಾಗೆ ಹೇಳಲ್ಲ.

ಕೊನೆಯದಾಗಿ ಒಂದೇ. ಎನ್‌ಐಟಿ ಈಗಲೂ ನಡೆಯುತ್ತಿದೆಯಲ್ಲ, ಅದನ್ನು ಯಾರು ನಡೆಸುತ್ತಾರೆ?


ಜಂಪ್‌ಶಾಟ್ ಉತ್ತರಿಸಿದ್ದು:

ಎನ್‌ಸಿಎಎನೇ. ಎನ್‌ಐಟಿ ನಡೆಸುತ್ತಿದ್ದ ನ್ಯೂಯಾರ್ಕ್‌ನ ಐದು ಕಾಲೇಜುಗಳು, ನಾನು ಮೇಲೆ ಹೇಳಿದ ಆ ‘ಕರೆದರೆ ಬರಲೇಬೇಕು’ ನಿಯಮವೇ ತಮ್ಮನ್ನು ಮುಳುಗಿಸಿತು ಅಂತ 2001 ರಲ್ಲಿ ಮೊಕದ್ದಮೆ ಹಾಕಿದವು. 2005 ರಲ್ಲಿ ವಿಚಾರಣೆ ನಡೆಯುತ್ತಿರುವಾಗಲೇ ರಾಜಿ ಆಯಿತು. ಎನ್‌ಸಿಎಎ ಒಟ್ಟು 5.65 ಕೋಟಿ ಡಾಲರ್ ಕೊಟ್ಟು, ಟೂರ್ನಿಯನ್ನೇ ಕೊಂಡುಕೊಂಡಿತು.